ರಿಪೋರ್ಟಿನ ಕೆ ಬೇರೆ, ವಿಟಮಿನ್ ಕೆ ಬೇರೆ

ತಂದೆಯವರ ರಕ್ತ ಪರೀಕ್ಷೆಯಲ್ಲಿ ‘ಕೆ 5.4’ ಅಂತ ಬಂದಿದೆ, ವಿಟಮಿನ್ ಕೆ ಜಾಸ್ತಿಯಾಗಿದೆಯಾ ಎಂದು ಕೇಳಿದ್ದೀರಿ. ಇಲ್ಲ, ಅದು ಪೊಟ್ಯಾಸಿಯಂ. ಅದರ ಲ್ಯಾಟಿನ್ ಹೆಸರು ಕೇಲಿಯಂ, ಚಿಹ್ನೆ ಬಂದಿದ್ದು ಅಲ್ಲಿಂದ. ಗೊಬ್ಬರದ ಚೀಲದ ಎನ್‌ಪಿಕೆಯಲ್ಲಿರುವ ಕೆ ಕೂಡ ಇದೇ. ರಕ್ತದಲ್ಲಿ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು ಇರಬೇಕು. ಹಾಗಾಗಿ ರಿಪೋರ್ಟನ್ನು ತಡಮಾಡದೆ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಎಳನೀರು ಬೇಡ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ವಿಟಮಿನ್ ಕೆ ಕಥೆಯೇ ಬೇರೆ. ಅದನ್ನು ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕಂಡುಹಿಡಿದರು, ಕೋಳಿಮರಿಗಳ ಮೇಲೆ ಪ್ರಯೋಗ ಮಾಡುವಾಗ. ರಕ್ತ ಹೆಪ್ಪುಗಟ್ಟಲು ಈ ವಿಟಮಿನ್ ಬೇಕು. ಹೆಪ್ಪುಗಟ್ಟುವುದಕ್ಕೆ ಜರ್ಮನ್ನರು ‘ಕೊಆಗುಲಾಟ್ಸಿಯೋನ್’ ಅನ್ನುತ್ತಾರೆ, ಅದರ ಮೊದಲ ಅಕ್ಷರ ಇದಕ್ಕೆ ಬಂತು. 1943ರ ನೊಬೆಲ್ ಕೂಡ ಸಿಕ್ಕಿತು.

ತಮಾಷೆ ಏನಂದ್ರೆ, ಸೊಪ್ಪಿನಲ್ಲಿ ಎರಡೂ ಕೆ ಇವೆ! ತಂದೆಯವರು ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತಗೊಳ್ತಿದ್ದರೆ ಸೊಪ್ಪು ತಿನ್ನುವುದನ್ನು ಒಮ್ಮೆಲೇ ನಿಲ್ಲಿಸಬೇಡಿ. ವಿಟಮಿನ್ ಕೆ ಏರಿಳಿದರೆ ಆ ಮಾತ್ರೆಯ ಪರಿಣಾಮವೂ ಏರುಪೇರಾಗುತ್ತದೆ. ಡಾಕ್ಟರನ್ನು ಕೇಳುವಾಗ ಎರಡರ ಹೆಸರನ್ನೂ ಪೂರ್ತಿ ಹೇಳಿ.

ಸಂಬಳದ 50ಕೆ ಮಾತ್ರ ಸಾವಿರ, ಅದಕ್ಕೆ ಡಾಕ್ಟರ್ ಬೇಡ.