ಕೊನೆಯ ಪಂದ್ಯ ಯಾವುದೆಂದು ಗೊತ್ತಿಲ್ಲದ ಡಿಫೆಂಡರ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬೆಂಗಳೂರಿನವರಾದ ಈ 33 ವರ್ಷದ ಫುಟ್‌ಬಾಲ್ ಆಟಗಾರರು 11 ವರ್ಷಗಳಲ್ಲಿ ದೇಶದ ಲೀಗ್‌ಗಳಾದ ಐ-ಲೀಗ್ ಮತ್ತು ಇಂಡಿಯನ್ ಸೂಪರ್ ಲೀಗ್‌ನ 7 ಕ್ಲಬ್‌ಗಳಿಗೆ ಸ್ಟಾಪರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಲ್ಲುವ ರಕ್ಷಣಾ ಆಟಗಾರ) ಆಗಿ ಆಡಿದವರು. ಕರಾರುಗಳಲ್ಲಿ ಹೆಚ್ಚಿನವು ಒಂದೇ ಸೀಸನ್‌ನವು. ಅವರ ತಂದೆಯ ಕಾಲದಲ್ಲಿ ಐಟಿಐ (ಟೆಲಿಫೋನ್ ಕಾರ್ಖಾನೆ), ಎಚ್‌ಎಎಲ್ (ವಿಮಾನ ಕಾರ್ಖಾನೆ) ತಂಡಗಳಿಗೆ ಆಡಿದವರಿಗೆ ಕಾರ್ಖಾನೆಯ ನೌಕರಿಯೂ ಸಿಗುತ್ತಿತ್ತು. ಇವರಿಗೆ ಆ ಆಸರೆ ಇರಲಿಲ್ಲ. 2025ರ ಜುಲೈನಲ್ಲಿ ಲೀಗ್ ನಡೆಸುವ ಹಕ್ಕುಗಳ ಒಪ್ಪಂದ ನವೀಕರಣವಾಗದೆ ಸೂಪರ್ ಲೀಗ್‌ನ ಮುಂದಿನ ಸೀಸನ್ ತಡೆಹಿಡಿಯಲ್ಪಟ್ಟಾಗ, ಕರಾರು ಮುಗಿದು ಮನೆಯಲ್ಲಿದ್ದ ಇವರು ಏಜೆಂಟರ ಕರೆಗಾಗಿ ರಾತ್ರಿಯಿಡೀ ಫೋನ್ ನೋಡುತ್ತ ನಿದ್ದೆಗೆಟ್ಟಿದ್ದರು.

ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದಾಗ ಪತ್ನಿ ಹೇಳಿದ್ದು ಒಂದೇ ಮಾತು: "ಶಾಲೆ ಶುರುವಾಗಿ ತಿಂಗಳಾಯ್ತು ಮೇಡಂ, ಮಗಳ ಅಡ್ಮಿಷನ್ ಮಾಡಿಸೋಣ ಅಂದ್ರೆ ಯಾವ ಊರಲ್ಲಿ ಅಂತ ಕೇಳ್ತಾರೆ."

ಮೊದಲ ಭೇಟಿಯಲ್ಲೇ ನಾನು ಕೋಚಿಂಗ್‌ನ ಮಾತೆತ್ತಿದ್ದು ತಪ್ಪಾಯಿತು. 'ನಿಮ್ಮ ಆಟ ಮುಗಿಯಿತು' ಎಂದು ನಾನೂ ಹೇಳಿದಂತೆ ಅವರಿಗೆ ಕೇಳಿಸಿತ್ತು. ಎರಡನೆಯ ಭೇಟಿಯಲ್ಲಿ 7 ಕ್ಲಬ್‌ಗಳ ಹೆಸರು ಬರೆದು, ಪ್ರತಿಯೊಂದರ ಎದುರು ಅಲ್ಲಿ ಆಡಿದ ಕೊನೆಯ ಪಂದ್ಯವನ್ನು ನಮೂದಿಸುವಂತೆ ಕೇಳಿದೆ. ಬಹಳ ಹೊತ್ತು ಪೆನ್ನು ಹಿಡಿದು ಕುಳಿತ ಅವರು ಎರಡನ್ನಷ್ಟೇ ತುಂಬಿಸಿದರು. ಉಳಿದ ಐದು ಕಡೆ, ಆಡುವಾಗ ಅದೇ ಕೊನೆಯದೆಂದು ಅವರಿಗೆ ತಿಳಿದಿರಲಿಲ್ಲ; ನವೀಕರಣವಿಲ್ಲವೆಂಬ ಸುದ್ದಿ ಬಂದದ್ದು ರಜೆಗೆ ಮನೆಗೆ ಬಂದ ಮೇಲೆ. ಅವರನ್ನು ಕಾಡುತ್ತಿದ್ದುದು ಆಟ ನಿಲ್ಲುವ ಭಯಕ್ಕಿಂತ, ಅದನ್ನು ಎಂದಿನಂತೆ ಬೇರೆ ಯಾರೋ ನಿಲ್ಲಿಸುತ್ತಾರೆಂಬ ಅಸಹಾಯಕತೆ ಎಂದು ನನಗನ್ನಿಸಿತು.

ಹಾಗಾಗಿ, ಕ್ಲಬ್ ಸಿಗಲಿ ಬಿಡಲಿ ಮಗಳನ್ನು ಈ ವಾರವೇ ಬೆಂಗಳೂರಿನಲ್ಲಿ ಶಾಲೆಗೆ ಸೇರಿಸಬೇಕೆಂದೂ, ಹೊರ ಊರಿನ ಕರಾರಿಗಾಗಿ ಎಷ್ಟು ದಿನ ಕಾಯುವುದೆಂಬುದನ್ನು ದಂಪತಿ ಇಬ್ಬರೂ ಕೂತು ನಿರ್ಧರಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕೆಂದೂ ಸೂಚಿಸಿದೆ. ಬಲಮೊಣಕಾಲಿನ ಹಳೆಯ ಗಾಯದ ಬಗ್ಗೆ ಕ್ಲಬ್‌ಗೆ ಸಂಬಂಧವಿಲ್ಲದ ಮೂಳೆತಜ್ಞರ ಅಭಿಪ್ರಾಯ ಪಡೆಯಲು ಹೇಳಿದೆ. ಫೋನ್ ರಾತ್ರಿ ಅಡುಗೆಮನೆಯಲ್ಲಿರಬೇಕು, ಏಜೆಂಟರೊಡನೆ ಮಾತು ವಾರಕ್ಕೊಮ್ಮೆ ಸಾಕು. ಫುಟ್‌ಬಾಲ್ ತರಬೇತುದಾರರಾಗಲು ಮಾಡುವ ಡಿ ಲೈಸೆನ್ಸ್ ಕೋರ್ಸಿನ ವಿಷಯವನ್ನು ಮೂರನೆಯ ಭೇಟಿಯಲ್ಲಿ ಅವರೇ ಎತ್ತಿದರು. ಆಡುತ್ತಿರುವಾಗಲೇ ಅದನ್ನು ಮಾಡಬಹುದೆಂದಷ್ಟೇ ಹೇಳಿದೆ.

ಕಾಯುವ ದಿನ ಕಳೆದ ಮೇಲೆ ಅವರು ಬೆಂಗಳೂರಿನ ಸ್ಥಳೀಯ ಲೀಗ್ ಆದ ಸೂಪರ್ ಡಿವಿಷನ್‌ನ ತಂಡವೊಂದಕ್ಕೆ ಸಹಿ ಹಾಕಿದರು, ಹಣ ಬಹಳ ಕಡಿಮೆ. ಹಳೆಯ ಹಾಳೆಯಲ್ಲಿ ಎಂಟನೆಯ ಸಾಲು ಸೇರಿಸಿ, ಕೊನೆಯ ಪಂದ್ಯದ ಎದುರು ತಾವೇ ಆರಿಸಿದ ತಿಂಗಳನ್ನು ಬರೆದು ತಂದು ತೋರಿಸಿದರು. ನಿದ್ದೆಯ ತೊಂದರೆ ಪೂರ್ತಿ ಹೋಗಿಲ್ಲ; ಭೇಟಿಗಳು ಮುಂದುವರಿದಿವೆ.