ಆನಿಮೆಗೆ ಜರ್ಮನ್ ದನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಆನಿಮೆ, ಅಂದರೆ ಜಪಾನಿನ ಕಾರ್ಟೂನ್‌ಗಳಿಗೆ ಜರ್ಮನ್ ದನಿ ಕೊಡುವ ಬಗ್ಗೆ, ಬರ್ಲಿನ್‌ನ ಡಬ್ಬಿಂಗ್ ಸ್ಟುಡಿಯೊಗಳಲ್ಲಿ ದುಡಿಯುವ ನನಗೆ ಊರಿನಿಂದ ಬರುವ ಪ್ರಶ್ನೆಗಳಿವು.

ಪ್ರಶ್ನೆ: ಜರ್ಮನ್ ಭಾಷೆಯ ಬಿ2 (ಮಧ್ಯಮಕ್ಕಿಂತ ಮೇಲಿನ ಹಂತದ) ಪರೀಕ್ಷೆ ಮುಗಿಸಿದ್ದೇನೆ. ಮಿಮಿಕ್ರಿ ಚೆನ್ನಾಗಿ ಮಾಡುತ್ತೇನೆ. ಆನಿಮೆಗೆ ದನಿ ಕೊಡಬಹುದೇ?

ಉತ್ತರ: ಮತ್ತೆ ಮಿಮಿಕ್ರಿ! ದಯವಿಟ್ಟು ಅದನ್ನು ಮರೆತುಬಿಡಿ. ಇಲ್ಲಿ ಬೇಕಿರುವುದು ನಟರು. ಬಹಳಷ್ಟು ಜನ ನಾಟಕ ಶಾಲೆಯಲ್ಲಿ ಕಲಿತವರು, ಇಲ್ಲವೇ ಚಿಕ್ಕಂದಿನಿಂದ ಮೈಕಿನ ಮುಂದೆಯೇ ಬೆಳೆದವರು.

ಸಂಭಾಷಣೆಯ ಹಾಳೆ ಮೊದಲೇ ಕೈಗೆ ಸಿಗುವುದು ಅಪರೂಪ. ಕಂತನ್ನು ಟೇಕ್‌ಗಳಾಗಿ ಕತ್ತರಿಸಿರುತ್ತಾರೆ. ಒಂದೊಂದೂ ಕೆಲವೇ ಸೆಕೆಂಡು. ಜಪಾನಿ ಮೂಲವನ್ನು ನೋಡಿ, ಸಾಲು ಓದಿಕೊಂಡು, ಕೂಡಲೇ ಮಾತಾಡಬೇಕು. ಪಕ್ಕದಲ್ಲಿ ಸಹನಟರೂ ಇರುವುದಿಲ್ಲ. ಈಗ ಹೆಚ್ಚಾಗಿ ಒಬ್ಬೊಬ್ಬರನ್ನೇ ರೆಕಾರ್ಡ್ ಮಾಡುತ್ತಾರೆ. ಒಂದು ಟೇಕ್‌ನಲ್ಲಿ ಗೆಳೆಯನ ಸಾವು, ಮುಂದಿನದರಲ್ಲಿ ಊಟದ ತಮಾಷೆ. ಚಿತ್ರದ ಬಾಯಿ ಸುಮ್ನೆ ತೆರೆದು ಮುಚ್ಚುತ್ತದೆ, ಸುಲಭ ಅಲ್ವಾ ಅನ್ನುತ್ತೀರಿ. ಆದರೆ ಪಾತ್ರದ ಏದುಸಿರು, ಬಿಕ್ಕು, ನರಳಾಟ ಎಲ್ಲವನ್ನೂ ನೀವೇ ಹೊಸದಾಗಿ ಕೊಡಬೇಕು.

ಇನ್ನು ಭಾಷೆ. ನಮ್ಮ ನೀನು, ನೀವು ಇದ್ದ ಹಾಗೆ ಜರ್ಮನ್‌ನಲ್ಲಿ ‘ಡು’, ‘ಜೀ’ ಇವೆ. ಇಷ್ಟು ದಿನ ‘ಜೀ’ ಅಂದವಳು ಮೊದಲ ಸಲ ‘ಡು’ ಅಂದಾಗ ಆ ಒಂದು ಪದದಲ್ಲೇ ಸಲಿಗೆ ಕೇಳಬೇಕು. ಬಿ2 ಪರೀಕ್ಷೆ ಇದನ್ನು ಕಲಿಸುವುದಿಲ್ಲ. ಮುಖ್ಯ ಪಾತ್ರಗಳಿಗೆ ಊರಿನ ರಾಗ ಇಲ್ಲದ ಜರ್ಮನ್ ಬೇಕು. ಅದಕ್ಕೆ ತಮ್ಮದೇ ರಾಗವಿರುವ ಬವೇರಿಯಾ ಪ್ರಾಂತ್ಯದ ಜರ್ಮನರೇ ಬೆವರು ಹರಿಸುತ್ತಾರೆ.

ದೊಡ್ಡ ಪಾತ್ರಗಳು ಬೇಗ ಖಾಲಿಯೂ ಆಗುವುದಿಲ್ಲ. ‘ಒನ್ ಪೀಸ್’ ಆನಿಮೆಯ ನಾಯಕ ಲೂಫಿಗೆ 2003ರಿಂದಲೂ ಡಾನಿಯೆಲ್ ಶ್ಲೌಖ್ ಅವರದೇ ಜರ್ಮನ್ ದನಿ. ಆಗುವುದೇ ಇಲ್ಲ ಅನ್ನುತ್ತಿಲ್ಲ. ಮೊದಲು ಜರ್ಮನ್ ನಾಟಕದಲ್ಲಿ ನಟಿಸಿ. ಆಮೇಲೆ ಸಂತೆಯ ಗದ್ದಲದಲ್ಲಿ ಒಂದು ದನಿಯಾಗಿ ಶುರುಮಾಡಿ.

ಪ್ರಶ್ನೆ: ಸಂಬಳ ಎಷ್ಟು?

ಉತ್ತರ: ತಿಂಗಳ ಸಂಬಳ ಇಲ್ಲ. ಸ್ಟುಡಿಯೊಗೆ ಬಂದದ್ದಕ್ಕೆ ಒಂದು ಮೊತ್ತ, ಅದರ ಮೇಲೆ ಟೇಕ್‌ಗೆ ಇಷ್ಟೆಂದು ಲೆಕ್ಕ.

ಪ್ರಶ್ನೆ: ಆನ್‌ಲೈನ್ ಕೋರ್ಸ್‌ನವರು ಸರ್ಟಿಫಿಕೇಟ್ ಜೊತೆ ಪಾತ್ರವೂ ಗ್ಯಾರಂಟಿ ಅನ್ನುತ್ತಾರೆ. ಸೇರಲೇ?

ಉತ್ತರ: ಬೇಡ. ಈ ಕೆಲಸಕ್ಕೆ ಲೈಸೆನ್ಸೇ ಇಲ್ಲ. ಪಾತ್ರದ ಗ್ಯಾರಂಟಿ ಕೊಡುವವರು ಮೋಸಗಾರರು.

ಪ್ರಶ್ನೆ: ಕಲ್ಲುಸಕ್ಕರೆ, ಕಾಳುಮೆಣಸು ತಿಂದು ದಿನಾ ಕಿರುಚಿದರೆ ದನಿ ಗಟ್ಟಿಯಾಗುತ್ತದಾ?

ಉತ್ತರ: ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದೂ ಇಲ್ಲ. ನೀರು ಕುಡಿಯಿರಿ, ಸಾಕು. ಕಿರುಚುವ ವಿಷಯದಲ್ಲಿ ನನಗೆ ಭಯ ಜಾಸ್ತಿ. ಬೆಳಿಗ್ಗೆಯೇ ಯುದ್ಧದ ದೃಶ್ಯಕ್ಕೆ ಕೂಗಿದ ಹುಡುಗನೊಬ್ಬ ಮಧ್ಯಾಹ್ನ ಮಾತಾಡಲಾರದೆ ಅತ್ತದ್ದನ್ನು ನೋಡಿದ್ದೇನೆ. ಅಂಥ ಟೇಕ್‌ಗಳನ್ನು ದಿನದ ಕೊನೆಗೆ ಇಡಿ ಎಂದು ಕೇಳಿಕೊಳ್ಳಿ, ನಾಚಿಕೆ ಬೇಡ. ಮೂರು ವಾರವಾದರೂ ದನಿ ಒಡೆದೇ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.