ಹೊರಮಾವು ಕಡೆ ನೆಲಮಹಡಿ ಮನೆ: ಮೊದಲು ನೀರಿನ ದಾರಿ ನೋಡಿ, ಆಮೇಲೆ ವಿಮೆ

ಬೆಂಗಳೂರಿನ ಹೊರಮಾವು ಹತ್ತಿರ ನೆಲಮಹಡಿಯ ಮನೆಯೊಂದು ಇಷ್ಟವಾಗಿದೆ, ‘ಇಲ್ಲಿಗೆ ಯಾವತ್ತೂ ನೀರು ಬಂದಿಲ್ಲ’ ಅಂತ ಮಾರುವವರು ಹೇಳುತ್ತಿದ್ದಾರೆ, ನಂಬಬಹುದಾ, ಪ್ರವಾಹಕ್ಕೆ ವಿಮೆ ಮಾಡಿಸಿಬಿಟ್ಟರೆ ಸಾಕಾ ಅಂತ ಕೇಳಿದ್ದೀರಿ. ವಿಮೆ ಖಂಡಿತ ಮಾಡಿಸಿ. ಆದರೆ ಅಷ್ಟೇ ಸಾಕಾಗುವುದಿಲ್ಲ. ಮನೆ ಕೊಂಡ ಮೇಲೆ ಗೋಡೆ ಬದಲಾಯಿಸಬಹುದು, ಜಾಗ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ಜಾಗವನ್ನು ಚೆನ್ನಾಗಿ ನೋಡಿ.

ಬೆಂಗಳೂರಲ್ಲಿ ದೊಡ್ಡ ನದಿಯೇ ಇಲ್ಲ, ಪ್ರವಾಹ ಎಲ್ಲಿಂದ ಬರಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಈ ಊರು ಇರುವುದು ದಿಣ್ಣೆಯ ಮೇಲೆ. ಮಳೆ ನೀರು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ: ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ (ಮಳೆ ನೀರು ಹರಿಯುವ ದೊಡ್ಡ ಕಾಲುವೆ) ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಈಗ ಎಷ್ಟೋ ಕಡೆ ಕಾಲುವೆ ಕಿರಿದಾಗಿದೆ, ಕೆರೆ ಕೆಳಗಿನ ಗದ್ದೆಗಳು ಲೇಔಟ್ ಆಗಿವೆ. ನೀರು ಮಾತ್ರ ಹಳೇ ದಾರಿಯಲ್ಲೇ ಬರುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ದಿನ ಸುಮಾರು 130 ಮಿಲಿಮೀಟರ್ ಮಳೆ ಸುರಿದಾಗ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಲೇಔಟ್‌ಗಳಲ್ಲಿ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೂ ದೋಣಿ ಬಂತು. ಇನ್ನು ನೀವು ನೋಡಿರುವ ಹೊರಮಾವು ಕಡೆಗೇ ಬಂದರೆ, ಅದು ಹೆಬ್ಬಾಳ ಕಣಿವೆಯ ಭಾಗ. ಅಲ್ಲಿನ ಸಾಯಿ ಲೇಔಟ್ 2025ರ ಮೇ ತಿಂಗಳಲ್ಲಿ ಮುಳುಗಿತ್ತು. ಮೇಲಿನಿಂದ ಬರುವ ನೀರಿನ ಪ್ರಮಾಣಕ್ಕೆ ತಕ್ಕಷ್ಟು ಅಗಲದ ಮೋರಿ ರೈಲು ಹಳಿಯ ಕೆಳಗೆ ಇಲ್ಲದ್ದು ಅಲ್ಲಿನ ಮುಖ್ಯ ತೊಂದರೆ. ನಿಮ್ಮ ಮನೆ ಮುಂದೆ ಕಾಲುವೆ ಎಷ್ಟು ಚೆನ್ನಾಗಿದ್ದರೂ ಕೆಳಗಡೆ ಎಲ್ಲೋ ನೀರು ಕಟ್ಟಿಕೊಂಡರೆ ಅದು ಹಿಂದಕ್ಕೆ ತುಂಬುತ್ತದೆ. ಆದ್ದರಿಂದ ಸೈಟಿನ ಸುತ್ತ ನೋಡಿದರೆ ಸಾಲದು, ಕಾಲುವೆ ಗುಂಟ ಕೆಳಗೆ ನಡೆದು ಹೋಗಿ ನೋಡಿ.

ಫೋನಿನಲ್ಲಿ ರಾಜ್ಯ ಸರ್ಕಾರದ ದಿಶಾಂಕ್ ಆಪ್ ಹಾಕಿಕೊಳ್ಳಿ. ಮನೆ ಮುಂದೆ ನಿಂತು ತೆರೆದರೆ ಆ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದೇ ನಂಬರನ್ನು ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆಯಲ್ಲಿ ಹುಡುಕಿ. ಪಕ್ಕದಲ್ಲಿ ಹಳ್ಳ, ಕೆರೆ, ಬಿ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಮೀನು) ಏನಾದರೂ ಇದೆಯಾ ನೋಡಿ. ಬೆಂಗಳೂರಿನ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ರ ಪ್ರಕಾರ ರಾಜಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25, 15 ಮೀಟರ್ ಜಾಗ ಬಿಡಬೇಕು. ನಿಮ್ಮ ಮನೆ ಆ ಅಂತರದೊಳಗೆ ಬರುವಂತಿದ್ದರೆ ನೀರಿನ ಭಯದ ಜೊತೆಗೆ ಒತ್ತುವರಿ ತೆರವಿನ ಭಯವೂ ಸೇರುತ್ತದೆ. ನನ್ನ ಮಾತು ಕೇಳುವುದಾದರೆ ಅಂಥ ಮನೆ ಬಿಟ್ಟುಬಿಡಿ, ಬೆಲೆ ಎಷ್ಟೇ ಕಡಿಮೆ ಇರಲಿ.

ಬ್ರೋಕರ್ ಹತ್ತಿರ ಕೇಳಬೇಡಿ. ಬೀದಿ ಕೊನೆಯ ಇಸ್ತ್ರಿ ಅಂಗಡಿಯವರನ್ನೋ, ದಿನಸಿ ಅಂಗಡಿಯವರನ್ನೋ ಕೇಳಿ: ‘ಕಳೆದ ದೊಡ್ಡ ಮಳೆಗೆ ನೀರು ಎಲ್ಲಿವರೆಗೆ ಬಂತು?’ ‘ಬಂತಾ?’ ಅಂತ ಕೇಳಿದರೆ ಇಲ್ಲ ಅಂದುಬಿಡುತ್ತಾರೆ. ಅಕ್ಕಪಕ್ಕದ ಮನೆಗಳ ಗೇಟಿಗೆ ನೀರು ತಡೆಯುವ ಹಲಗೆ ಇಳಿಸಲು ಸೀಳು ಕೊರೆದಿದ್ದಾರಾ, ಹೊಸ್ತಿಲು ಎತ್ತರಿಸಿದ್ದಾರಾ, ಕರೆಂಟ್ ಮೀಟರ್ ಮೇಲಕ್ಕೆ ಸರಿಸಿದ್ದಾರಾ ನೋಡಿ. ಸುಮ್ನೆ ಯಾರೂ ಅಷ್ಟು ಖರ್ಚು ಮಾಡುವುದಿಲ್ಲ ಅಲ್ವಾ? ನೀವು ನೋಡಿದ ಮನೆಯ ನೆಲ ರಸ್ತೆಗಿಂತ ಎಷ್ಟು ಮೇಲಿದೆ ಅನ್ನುವುದನ್ನೂ ಅಳೆಯಿರಿ. ಟಾರು ಹಾಕಿದಾಗಲೆಲ್ಲ ರಸ್ತೆ ಏರುತ್ತಾ ಹೋಗುತ್ತದೆ. ಕಟ್ಟಿದಾಗ ಎರಡು ಅಡಿ ಮೇಲಿದ್ದ ಮನೆ ಈಗ ರಸ್ತೆಗೆ ಸಮವಾಗಿರಬಹುದು. ಇನ್ನೊಂದು, ನೀರು ಬಾಗಿಲಿಂದಲೇ ಬರಬೇಕು ಅಂತೇನಿಲ್ಲ. ಒಳಚರಂಡಿ ತುಂಬಿದರೆ ಬಚ್ಚಲಿನ ಜಾಲರಿಯಿಂದ, ಟಾಯ್ಲೆಟ್‌ನಿಂದ ಕೊಳಕು ನೀರು ಉಕ್ಕುತ್ತದೆ. ಹೊರಗಿನ ಪೈಪಿಗೆ ನೀರು ವಾಪಸ್ ಬರದಂತೆ ತಡೆಯುವ ವಾಲ್ವ್ ಕೂರಿಸಬಹುದು.

ಈಗ ವಿಮೆ. ‘ಭಾರತ್ ಗೃಹ ರಕ್ಷಾ’ ಅನ್ನುವ ಮನೆ ವಿಮೆ ಪಾಲಿಸಿ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಬೆಂಕಿ ವಿಮೆ ಮಾರುವ ಎಲ್ಲ ಕಂಪನಿಗಳೂ ಇದನ್ನು ಕೊಡಬೇಕು, ಮೂಲ ಷರತ್ತುಗಳೂ ಒಂದೇ. ಪ್ರವಾಹ ಮತ್ತು ನೀರು ನುಗ್ಗುವುದು ಇದರಲ್ಲೇ ಸೇರಿದೆ, ಬೇರೆ ಪಾಲಿಸಿ ಬೇಕಿಲ್ಲ. ವಿಮೆ ಮೊತ್ತ ಮನೆಯ ಮಾರುಕಟ್ಟೆ ಬೆಲೆಯಲ್ಲ, ಮತ್ತೆ ಕಟ್ಟಲು ತಗಲುವ ಖರ್ಚು. ಸೈಟಿನ ಬೆಲೆ ಇದರಲ್ಲಿ ಬರುವುದಿಲ್ಲ. 1000 ಚದರಡಿ ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ನೆಲ), ಕಟ್ಟುವ ಖರ್ಚು ಅಡಿಗೆ 2000 ರೂಪಾಯಿ ಅಂತ ಇಟ್ಟುಕೊಂಡರೆ 20 ಲಕ್ಷ. ಮನೆ ಸಾಮಾನಿಗೆ ತಾನಾಗಿಯೇ ಅದರ ಶೇ. 20, ಅಂದರೆ 4 ಲಕ್ಷ ಸಿಗುತ್ತದೆ. ಈ ಲೆಕ್ಕದ ಮಿತಿ 10 ಲಕ್ಷ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಸಾಮಾನಿನ ವಿವರ ಕೊಟ್ಟು ಬರೆಸಬೇಕು. ಒಡವೆಗೂ ಪ್ರತ್ಯೇಕವಾಗಿ ಬರೆಸಬೇಕು. ಮನೆ ವಾಸಕ್ಕೆ ಆಗದಂತಾದರೆ ಬೇರೆ ಕಡೆ ಇರುವ ಬಾಡಿಗೆಗೂ ಇದರಲ್ಲಿ ಅವಕಾಶ ಇದೆ, ಬಹಳ ಜನ ಅದನ್ನು ಕೇಳುವುದೇ ಇಲ್ಲ. ಗೋಡೆ ನಿಧಾನವಾಗಿ ತೇವ ಹಿಡಿದು ಬಣ್ಣ ಉದುರುವುದು ಮಾತ್ರ ಪ್ರವಾಹದ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲೊಂದು ಕಡೆ ದಯವಿಟ್ಟು ಎಚ್ಚರ ಇರಲಿ. 2022ರಲ್ಲಿ ನಮ್ಮ ಅಕ್ಕನ ಮನೆಗೆ ನೀರು ನುಗ್ಗಿತು. ‘ಸಾಲದ ಜೊತೆ ಇನ್ಶೂರೆನ್ಸ್ ಇದೆಯಲ್ಲ’ ಅಂತ ಭಾವ ಧೈರ್ಯವಾಗಿದ್ದರು. ಕಾಗದ ತೆಗೆದು ನೋಡಿದರೆ ಅದು ಸಾಲಗಾರ ತೀರಿಹೋದರೆ ಸಾಲ ತೀರಿಸುವ ಜೀವವಿಮೆ. ಬ್ಯಾಂಕಿನಲ್ಲಿ ಅದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಫ್ರಿಡ್ಜ್, ಯುಪಿಎಸ್, ಮರದ ಕಪಾಟುಗಳು ಎಲ್ಲವೂ ಅವರ ಜೇಬಿನಿಂದಲೇ ಹೋಯಿತು. ನನಗೆ ಇವತ್ತಿಗೂ ಅದು ಬೇಜಾರು. ಸಾಲ ತೆಗೆದುಕೊಳ್ಳುವಾಗ ‘ಇದು ಕಟ್ಟಡಕ್ಕಾ, ನನ್ನ ಜೀವಕ್ಕಾ?’ ಅಂತ ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಪಾಲಿಸಿ ಆದ ದಿನವೇ ಪ್ರತಿ ಕೋಣೆಯ ವಿಡಿಯೋ ಮಾಡಿ, ಟಿವಿ, ಫ್ರಿಡ್ಜ್‌ಗಳ ಸೀರಿಯಲ್ ನಂಬರ್, ಬಿಲ್ಲುಗಳ ಫೋಟೋ ತೆಗೆದು ಮೇಲ್‌ನಲ್ಲಿ ಇಟ್ಟುಕೊಳ್ಳಿ. ನೀರು ಬಂದರೆ ಮೊದಲು ಕರೆಂಟಿನ ಮೇನ್ ಆಫ್ ಮಾಡಿ. ಕಂಪನಿಗೆ ಕೂಡಲೇ ತಿಳಿಸಿ, ಗೋಡೆಯ ಮೇಲಿನ ನೀರಿನ ಗುರುತು ಕಾಣುವಂತೆ ಫೋಟೋ ತೆಗೆಯಿರಿ, ಹಾನಿ ಅಂದಾಜು ಮಾಡುವ ವಿಮೆ ಸರ್ವೇಯರ್ ಬಂದು ನೋಡುವವರೆಗೆ ಹಾಳಾದ ಸಾಮಾನು ಎಸೆಯಬೇಡಿ. ದೂರು ಕೊಟ್ಟರೂ ಕಂಪನಿ 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ವಿಮೆ ದೂರುಗಳನ್ನು ವಿಚಾರಿಸುವ, ಬೆಂಗಳೂರಲ್ಲೇ ಇರುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಅದಕ್ಕೆ ಶುಲ್ಕ ಇಲ್ಲ.

ಕಾರು ಮನೆ ವಿಮೆಯಲ್ಲಿ ಸೇರುವುದಿಲ್ಲ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ನೀರಿನಿಂದ ನಿಮ್ಮ ಗಾಡಿಗೆ ಆದ ಹಾನಿಗೆ ಏನೂ ಸಿಗುವುದಿಲ್ಲ. ಮುಳುಗಿದ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.

ಆ ಮನೆಯ ಸರ್ವೆ ನಂಬರ್ ಸಿಕ್ಕರೆ ಗ್ರಾಮದ ಹೆಸರಿನ ಜೊತೆ ಇಲ್ಲೇ ಕೆಳಗೆ ಬರೆಯಿರಿ, ಹಳೇ ನಕ್ಷೆಯಲ್ಲಿ ಹಳ್ಳ ಎಲ್ಲಿ ಹಾದುಹೋಗುತ್ತದೆ ಅಂತ ನಾನೂ ನೋಡಿ ಹೇಳುತ್ತೇನೆ.